ತುಟಿ ಓದುವವರ ಮನೆ

ಜನವರಿ ೧೨

ಪುಟ್ಟಿ,

ನಿನ್ನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಕೇಳಿ ಕೊಡಬೇಕಿತ್ತು, ಕೇಳಲಿಲ್ಲ. ಕೇಳಿದ್ದರೆ ನೀನು ಯೋಚನೆ ಮಾಡಿ ಹೇಳುತ್ತೇನೆ ಅನ್ನುತ್ತಿದ್ದೆ. ನಿನ್ನ ಯೋಚನೆ ಮುಗಿಯುವ ಹೊತ್ತಿಗೆ ನಾವಿಬ್ಬರೂ ಮುದುಕಿಯರಾಗಿರುತ್ತಿದ್ದೆವು. ನಾನು ಈಗಾಗಲೇ ಅರ್ಧ ಆಗಿದ್ದೇನೆ, ಅದು ಬೇರೆ ಮಾತು.

ಬರುತ್ತಿರುವವಳು ಗಂಟು. ಮಿಲ್ಲಿನಲ್ಲಿ ನನ್ನ ಎದುರಿನ ಮಗ್ಗದವಳು, ನೀನು ರಜೆಗೆ ಬಂದಾಗ ಎರಡು ಸಲ ನೋಡಿದ್ದೀಯ. ನೂಲಿನ ಎಳೆ ಹರಿದರೆ ನಾವು ಕನ್ನಡಕ ಹುಡುಕುವಷ್ಟರಲ್ಲಿ ಅವಳು ಗಂಟು ಹಾಕಿ ಮಗ್ಗ ಓಡಿಸಿರುತ್ತಿದ್ದಳು, ಅದಕ್ಕೇ ಆ ಹೆಸರು. ಇಪ್ಪತ್ತೆರಡು ವರ್ಷ ಎದುರುಬದುರು ನಿಂತು ಕೆಲಸ ಮಾಡಿದ್ದೇವೆ. ಈಗ ಅವಳಿದ್ದ ಮನೆಯನ್ನು ಯಜಮಾನ ಮಾರಿಬಿಟ್ಟ. ಗಂಡ ಮಕ್ಕಳು ಇಲ್ಲದವಳು, ದೂರದ ಊರಿನಲ್ಲಿ ಅಣ್ಣನ ಮಗಳೊಬ್ಬಳು ಇದ್ದಾಳೆ, ಅಷ್ಟೆ. ನಾನೇ "ನಮ್ಮನೇಲಿ ಒಂದು ಕೋಣೆ ಸುಮ್ಮನೆ ಬಿದ್ದಿದೆ, ಬಾರೇ" ಅಂದೆ. ಬಾಡಿಗೆ ಬೇಡ ಅಂತಲೂ ಅಂದೆ. ಅವಳು ಒಪ್ಪಲಿಲ್ಲ.

"ಬಾಡಿಗೆ ಕೊಡದಿದ್ರೆ ನಾನು ನೆಂಟಳಾಗಿಬಿಡ್ತೀನಿ ಕಣೇ. ನೆಂಟಳಾದ್ರೆ ನಿನ್ನ ಜೊತೆ ಜಗಳ ಆಡೋಕಾಗಲ್ಲ. ಜಗಳ ಇಲ್ದೆ ನಾನು ಹೆಂಗಿರ್ಲಿ?"

ಇದನ್ನೆಲ್ಲ ಅವಳು ದನಿ ತೆಗೆಯದೆ ಹೇಳಿದಳು. ನಮ್ಮ ಶೆಡ್ಡಿನ ಅಭ್ಯಾಸ ನಿನಗೆ ಗೊತ್ತಲ್ಲ. ಇನ್ನೂರು ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳಿಸದು, ಹಾಗಾಗಿ ಯಾರೂ ಕೂಗುತ್ತಿರಲಿಲ್ಲ. ತುಟಿ ಅಲ್ಲಾಡಿಸಿದರೆ ಸಾಕು, ಮೂರು ಮಗ್ಗ ಆಚೆಯವಳು ಓದಿಕೊಳ್ಳುತ್ತಿದ್ದಳು. ಮಿಲ್ಲು ಮುಚ್ಚುವ ಹೊತ್ತಿಗೆ ನಮ್ಮಿಬ್ಬರ ಕಿವಿಗಳೂ ಮುಚ್ಚಿದ್ದವು. ಅವಳ ಜೊತೆ ಇದ್ದರೆ ನಾನು ಕಿವುಡಿ ಎಂಬುದೇ ನನಗೆ ಮರೆತುಹೋಗುತ್ತದೆ.

ಒಂದೇ ಹೆದರಿಕೆ. ಇರುವವಳು ಒಬ್ಬಳೇ ಗೆಳತಿ. ಒಂದೇ ಒಲೆ, ಒಂದೇ ಬಚ್ಚಲು ಹಂಚಿಕೊಂಡು ಅವಳನ್ನೂ ಕಳೆದುಕೊಂಡರೆ ಏನು ಮಾಡಲಿ? ನಿನಗೇನು ಅನ್ನಿಸುತ್ತದೆ ಬರೆ. ಈ ಸಲ ಯೋಚನೆ ಮಾಡದೆ ಬರೆ.

ನಿನ್ನ ಅಕ್ಕ

ಜನವರಿ ೨೯

ಅಕ್ಕ,

ಪತ್ರ ಓದುತ್ತ ಓದುತ್ತ ನನ್ನ ಚಹಾ ಆರಿಹೋಯಿತು, ಎರಡು ರೈಲುಗಳ ಘೋಷಣೆಯೂ ತಡವಾಯಿತು. ಸ್ಟೇಷನ್ ಮಾಸ್ಟರ್ ಕಿಟಕಿಯಲ್ಲಿ ತಲೆ ಹಾಕಿ, "ಏನಮ್ಮ, ಇವತ್ತು ರೈಲುಗಳು ತಾವಾಗೇ ಬರ್ಬೇಕಾ?" ಎಂದರು.

ನಿನ್ನ ಮನೆ, ನಿನ್ನ ಗೆಳತಿ, ನಾನು ಏನು ಹೇಳಲಿ. ಕೋಣೆ ನನ್ನದು ಎನ್ನುವುದು ಬಾಯಿಮಾತಿಗೆ ಅಷ್ಟೆ. ಹತ್ತು ವರ್ಷದಲ್ಲಿ ಅಲ್ಲಿ ಎಷ್ಟು ದಿನ ಮಲಗಿದ್ದೇನೆ? ಆದರೂ ಒಂದು ಮಾತು. ಇಲ್ಲಿ ಟಿಕೆಟ್ ಕೌಂಟರಿನವರು ತಮ್ಮ ಬಾಲ್ಯಸ್ನೇಹಿತನಿಗೆ ಮಹಡಿ ಬಾಡಿಗೆಗೆ ಕೊಟ್ಟರು. ಈಗ ಇಬ್ಬರೂ ಮೆಟ್ಟಿಲ ಮೇಲೆ ಎದುರಾದರೆ ಒಬ್ಬರು ಗೋಡೆ ನೋಡುತ್ತಾರೆ, ಇನ್ನೊಬ್ಬರು ಚಪ್ಪಲಿ ನೋಡುತ್ತಾರೆ. ಜಗಳ ಯಾವುದಕ್ಕೆ ಗೊತ್ತಾ? ಒದ್ದೆ ಟವಲ್ ಎಲ್ಲಿ ಹರವಬೇಕು ಎನ್ನುವುದಕ್ಕೆ. ನೀವು ಮೊದಲೇ ಮಾತಾಡಿಕೊಳ್ಳಿ. ಟವಲಿನಿಂದಲೇ ಶುರು ಮಾಡಿ.

ಗಂಟಕ್ಕ ಎಷ್ಟು ದಿನ ಇರುತ್ತಾರಂತೆ? ಕಾಗದಪತ್ರ ಏನಾದರೂ ಮಾಡಿಕೊಂಡಿದ್ದೀರಾ? ಒಂದು ವರ್ಷವೋ, ಆರು ತಿಂಗಳೋ? ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದೇನೆ. ನನ್ನ ಪೆಟ್ಟಿಗೆಗಳನ್ನು ಎಸೆಯಬೇಡ, ನಿನ್ನ ಮಂಚದ ಕೆಳಗೆ ತಳ್ಳಿಡು.

ನಾನು ಚೆನ್ನಾಗಿದ್ದೇನೆ. ಕೆಲಸ ಎಂದಿನಂತೆ ನಡೆಯುತ್ತಿದೆ. ಹೊಸದೇನೂ ಇಲ್ಲ.

ನಿನ್ನ ಪುಟ್ಟಿ

ಫೆಬ್ರವರಿ ೧೮

ಪುಟ್ಟಿ,

ಟವಲಿನ ಮಾತು ಮೊದಲ ದಿನವೇ ಮುಗಿಸಿದೆವು. ಅವಳದು ಕಿಟಕಿಗೆ, ನನ್ನದು ಬಾಗಿಲಿಗೆ.

ಬಂದು ಹದಿನೈದು ದಿನವಾಯಿತು. ತಂದ ಸಾಮಾನು ಒಂದು ಪೆಟ್ಟಿಗೆ, ಒಂದು ದಿಂಬು, ನೀಲಿ ಕೊಡೆ ಒಂದು. ಪಕ್ಕದ ಮನೆಯ ಟೈಲರ್ ಮೊನ್ನೆ ಬೇಲಿಯ ಹತ್ತಿರ ನಿಲ್ಲಿಸಿ, ಬಾಯನ್ನು ಹಂಡೆಯಷ್ಟು ಅಗಲ ಮಾಡಿ, "ನೀವಿಬ್ರೂ ಮಾತು ಬಿಟ್ಟಿದ್ದೀರಾ?" ಎಂದು ಕೇಳಿದ. ಪಾಪ, ಅವನಿಗೆ ನಮ್ಮ ಮನೆಯಿಂದ ಮಾತು ಕೇಳಿಸುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ. ಹೆದರಿದ್ದಾನೆ.

ಈಗ ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡ. ಗಂಟು ಬರೆಯುತ್ತಿದ್ದಾಳೆ.

ಬಂದ ಸಂಜೆಯೇ ಹೇಳಿದಳು. ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ದಪ್ಪ ನೋಟ್‌ಬುಕ್ಕು. "ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಮುಚ್ಚಿಟ್ಟೆ ಅಂತ ಬೈಬೇಡ. ನಾನು ಬರೀತಾ ಇದೀನಿ. ಒಂದು ವರ್ಷ ಆಯ್ತು. ದಿನಾ ಸ್ವಲ್ಪ ಸ್ವಲ್ಪ. ಡಾಕ್ಟರಿಗೆ ಬಿಟ್ರೆ ಇನ್ಯಾರಿಗೂ ಹೇಳಿಲ್ಲ. ಇನ್ನೂ ಜಾಸ್ತಿ ಆಗುತ್ತಂತೆ. ನಿನಗೆ ಕಷ್ಟ ಅನ್ನಿಸಿದ್ರೆ ಈಗಲೇ ಹೇಳು, ಪೆಟ್ಟಿಗೆ ಬಿಚ್ಚಲ್ಲ."

ಡಾಕ್ಟರಿಗೆ ಯಾಕೆ ಹೇಳಿದಳೋ. ಅವರೂ ಬರೆಯುವವರಿರಬೇಕು. ಅಲ್ಲ, ಒಬ್ಬ ಹೆಂಗಸು ತನ್ನ ಪಾಡಿಗೆ ಕೋಣೆಯಲ್ಲಿ ಕೂತು ಬರೆದರೆ ನನಗೇನು ಹೋಗುತ್ತದೆ? "ಬರೆದ್ರೆ ಬರೆದೆ, ನನಗೇನು ಕಷ್ಟ, ನಾನಿದೀನಲ್ಲ" ಎಂದೆ. ಅಷ್ಟಕ್ಕೇ ಅವಳ ಕಣ್ಣು ತುಂಬಿಬಂತು, ಪುಟ್ಟಿ. ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಮಿಲ್ಲು ಮುಚ್ಚಿದ ದಿನವೂ ಅಳದ ಹೆಂಗಸು. ಬರೆಯುವವರಿಗೆ ಒಂದು ಒಳ್ಳೆಯ ಮಾತು ಇಷ್ಟು ಬೇಕಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಏನು ಬರೆಯುತ್ತಿದ್ದೀಯ ಎಂದು ನಾನು ಕೇಳಿಲ್ಲ. ಕೇಳಬಾರದಂತೆ, ಕೇಳಿದರೆ ನಿಂತುಹೋಗುತ್ತದಂತೆ, ಹಾಗೆಂದು ಎಲ್ಲೋ ಓದಿದ್ದೆ. ಆದರೆ ಕುತೂಹಲ ತಡೆಯಲಾಗುತ್ತಿಲ್ಲ.

ಎಷ್ಟು ದಿನ ಇರುತ್ತಾಳೆ ಎಂದು ಕೇಳಿದ್ದೀಯ. ಕಾಗದಪತ್ರ ಇಲ್ಲ. ಇರುವಷ್ಟು ದಿನ ಇರುತ್ತಾಳೆ.

ನಿನ್ನ ಅಕ್ಕ

ಮಾರ್ಚ್ ೮

ಅಕ್ಕ,

ಗಂಟಕ್ಕ ಬರೆಯುತ್ತಾರೆಯೇ? ನನಗೆ ನಂಬಲಿಕ್ಕೇ ಆಗುತ್ತಿಲ್ಲ, ನಂಬದೆ ಇರಲಿಕ್ಕೂ ಆಗುತ್ತಿಲ್ಲ. ಏನದು, ಕಾದಂಬರಿಯಾ? ಮಿಲ್ಲಿನ ಕಥೆಯಾ? ನಿಮ್ಮ ಸೂಪರ್‌ವೈಸರ್ ಇದ್ದರಲ್ಲ, ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದವರು, ಅವರು ಬರುತ್ತಾರಾ ಅದರಲ್ಲಿ? ನೀನು ಬರುತ್ತೀಯಾ? ನೀನು ಬಾರದೆ ಅವರು ಏನು ತಾನೇ ಬರೆಯಲು ಸಾಧ್ಯ?

ಕೇಳಬಾರದು ಅಷ್ಟೆ, ನೋಡಬಾರದು ಎಂದು ಎಲ್ಲೂ ಇಲ್ಲ. ಅವರು ಸಂತೆಗೆ ಹೋದಾಗ ಕೋಣೆ ಗುಡಿಸುವ ನೆಪದಲ್ಲಿ ಒಂದು ಕಣ್ಣು ಹಾಕು. ನಾನು ಹೇಳಿಕೊಟ್ಟೆ ಎಂದು ಹೇಳಬೇಡ. ಇಲ್ಲಿ ದಿನವಿಡೀ ಅದೇ ಊರುಗಳ ಹೆಸರು, ಅದೇ ಹೊತ್ತು, ಅದೇ ತಡ. ನಿನ್ನ ಪತ್ರ ಬಂದ ದಿನ ಮಾತ್ರ ನನಗೆ ಹೊಸ ಸುದ್ದಿ.

ಬರೆದು ಮುಗಿಸಿದ ಮೇಲೆ ಅವರು ಬೇರೆ ಕಡೆ ಹೋಗುವ ಯೋಚನೆ ಇದೆಯಾ? ಪುಸ್ತಕ ಬಂದರೆ ದೊಡ್ಡವರಾಗಿಬಿಡುತ್ತಾರೆ, ಒಂದು ಕೋಣೆಯಲ್ಲಿ ಇರುತ್ತಾರಾ? ಸುಮ್ಮನೆ ಕೇಳಿದೆ.

ಪುಟ್ಟಿ

ಏಪ್ರಿಲ್ ೧೯

ಪುಟ್ಟಿ,

ನೋಡಿದೆ. ನಿನ್ನ ಮಾತು ಕೇಳಿ ನೋಡಿದೆ, ಈಗ ಮುಖ ಎತ್ತಿ ಅವಳನ್ನು ನೋಡಲಾಗುತ್ತಿಲ್ಲ.

ಪೊರಕೆ ಹಿಡಿದೇ ಹೋದೆ, ನಾಟಕವಾದರೂ ಚೆನ್ನಾಗಿರಲಿ ಎಂದು. ನೋಟ್‌ಬುಕ್ಕು ಕಾಣಲಿಲ್ಲ, ಚೀಲದಲ್ಲಿ ಹಾಕಿಕೊಂಡು ಹೋಗುತ್ತಾಳೆ. ಆದರೆ ಕಪಾಟಿನ ಬಾಗಿಲು ತೆರೆದರೆ ಒಳಗೆಲ್ಲ ಚೀಟಿಗಳು. ಸಣ್ಣ ಸಣ್ಣ ಚೀಟಿಗಳನ್ನು ಅಂಟಿಸಿದ್ದಾಳೆ, ಮೇಲಿನಿಂದ ಕೆಳಗಿನವರೆಗೆ. ಕೆಲವನ್ನು ಬಾಯಿಪಾಠ ಮಾಡಿಕೊಂಡು ಬಂದೆ.

"ಮೂರನೇ ಮೆಟ್ಟಿಲು ಸಡಿಲ."

"ನೀಲಿ ಕೊಡೆ ನನ್ನದು."

"ಕಪ್ಪು ನಾಯಿ ಕಂಡರೆ ಅದು ಪಕ್ಕದ ಮನೆ. ಇನ್ನೊಂದು ಬಾಗಿಲು ಮುಂದೆ ಹೋಗು."

"ಅವಳಿಗೆ ಸಿಟ್ಟು ಬಂದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಆಗ ಮಾತಾಡಿಸಬಾರದು."

ಈಗಿನ ಕಾಲದ ಕವಿತೆ ಇರಬೇಕು, ನನಗೆ ಅದರ ತಲೆಬುಡ ತಿಳಿಯುವುದಿಲ್ಲ. ಆದರೆ ಕೊನೆಯದು ನನ್ನ ಮೇಲೆಯೇ ಬರೆದದ್ದು. ಪಾತ್ರೆ ತೊಳೆಯುವುದನ್ನೂ ಬಿಡಲಿಲ್ಲ ನೋಡು. ಸಿಟ್ಟು ಬಂತು. ಸೀದಾ ಹೋಗಿ ಪಾತ್ರೆ ತೊಳೆದೆ. ಅರ್ಧ ತೊಳೆದ ಮೇಲೆ ನಾನೇನು ಮಾಡುತ್ತಿದ್ದೇನೆ ಎಂದು ಗೊತ್ತಾಗಿ ಒಬ್ಬಳೇ ನಕ್ಕೆ.

ಬರೆಯುವವರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ ಎನ್ನುವುದು ನಿಜ. ಮೊನ್ನೆ ಒಲೆಯ ಮೇಲೆ ಹಾಲಿಟ್ಟು ಕೋಣೆಗೆ ಹೋದವಳು ಪಾತ್ರೆ ಕರಕಲಾಗುವವರೆಗೂ ಬರಲಿಲ್ಲ. ಇಬ್ಬರಿಗೂ ಕೇಳಿಸದು, ಸದ್ಯ ನನ್ನ ಮೂಗು ಇನ್ನೂ ಗಟ್ಟಿಯಾಗಿದೆ. ನಾನು ಬೈದೆ. ಅವಳು ಎಷ್ಟು ಬಿಳಿಚಿಕೊಂಡಳೆಂದರೆ ಬೈದದ್ದಕ್ಕೆ ನನಗೇ ಬೇಜಾರಾಯಿತು. "ಹೇಳಿದ್ನಲ್ಲ ನಿನಗೆ" ಎಂದಳು. ಹೌದಪ್ಪ, ಹೇಳಿದ್ದಾಳೆ. ಕಥೆಯೊಳಗೆ ಮುಳುಗಿದವಳಿಗೆ ಹಾಲಿನ ಚಿಂತೆ ಯಾಕೆ. ಹೊಸ ಪಾತ್ರೆ ತಂದೆವು.

ಇಷ್ಟಾದರೂ ಪುಟ್ಟಿ, ಮನೆಯಲ್ಲಿ ಇನ್ನೊಬ್ಬರ ಚಪ್ಪಲಿ ಇರುವುದು ಎಷ್ಟು ಚೆನ್ನ. ನಾನು ಸಂತೋಷವಾಗಿದ್ದೇನೆ. ಬರೆದು ಹೇಳುವಂಥ ಸಂತೋಷ ಬಹಳ ದಿನದಿಂದ ಇರಲಿಲ್ಲ.

ನಿನ್ನ ಅಕ್ಕ

ಜೂನ್ ೨೪

ಅಕ್ಕ,

ಎರಡು ತಿಂಗಳು ಬರೆಯಲಿಲ್ಲ. ಕೆಲಸ ಜಾಸ್ತಿ ಎಂದು ಬರೆಯಬಹುದಿತ್ತು, ಸುಳ್ಳಾಗುತ್ತದೆ.

ಮೊದಲು ಕಾದಿದ್ದು, ನೀನು ಬರೆದು ಕಳಿಸಿದ ಗಂಟಕ್ಕನ ಚೀಟಿಗಳನ್ನು ಇಲ್ಲಿ ಕ್ಯಾಂಟೀನಿನಲ್ಲಿ ಎಲ್ಲರಿಗೂ ಓದಿ ತೋರಿಸಿ, ಟಿಕೆಟ್ ಕೌಂಟರಿನವರು "ನಾಯಿದು ಬಹಳ ಚೆನ್ನಾಗಿದೆ, ಅದರಲ್ಲೇನೋ ಒಳಾರ್ಥ ಇದೆ" ಎಂದದ್ದನ್ನು ಬರೆಯೋಣ ಎಂದು. ಅಷ್ಟರಲ್ಲಿ ಈ ತಿಂಗಳ ಮೊದಲ ವಾರ ನನಗೆ ಕೆಟ್ಟ ನೆಗಡಿ ಬಂತು. ಮೂಗು ಪೂರ್ತಿ ಕಟ್ಟಿಹೋಯಿತು. ಬದಲಿಗೆ ಯಾರೂ ಇರಲಿಲ್ಲ, ಹಾಗೆಯೇ ಮೈಕಿನ ಮುಂದೆ ಕೂತೆ. "ಪ್ರಯಾಣಿಕರ ಗಬದಕ್ಕೆ, ಗಾಡಿ ಬೂರನೇ ಪ್ಲಾಟ್‌ಫಾರಂಗೆ ಬರಲಿದೆ" ಎಂದೆ. ಸ್ಟೇಷನ್ ಮಾಸ್ಟರ್ ನಗುತ್ತ ಬಂದು, "ಬೂರನೇದು ಅಂದ್ರೆ ನೂರನೇದೇನಮ್ಮ? ನಮ್ಮಲ್ಲಿರೋದೇ ನಾಲ್ಕು" ಎಂದರು. ಎಷ್ಟು ಪ್ರಯತ್ನಪಟ್ಟರೂ ಮ ಬರಲಿಲ್ಲ, ಬ ಬಂತು. ಕೈತೊಳೆಯುವಲ್ಲಿ ಕನ್ನಡಿ ಇದೆ, ಅದರ ಮುಂದೆ ನಿಂತು ಮೂಗು, ಮನೆ, ಮರ ಎಂದು ಅಭ್ಯಾಸ ಮಾಡಿದೆ. ತುಟಿ ಸರಿಯಾಗಿಯೇ ಕೂಡುತ್ತಿತ್ತು. ಬ ಎಂದರೂ ಹಾಗೇ ಕೂಡುತ್ತದೆ, ಮ ಎಂದರೂ ಹಾಗೇ ಕೂಡುತ್ತದೆ. ವ್ಯತ್ಯಾಸವೆಲ್ಲ ಮೂಗಿನಲ್ಲಿ. ತುಟಿಗೆ ಅದು ಗೊತ್ತೇ ಇಲ್ಲ.

ಆಗ ನಿನ್ನ ಫೆಬ್ರವರಿಯ ಪತ್ರ ನೆನಪಾಯಿತು ಅಕ್ಕ. ಕನ್ನಡಿಯಲ್ಲಿ ನೋಡುತ್ತ ಎರಡನ್ನೂ ಹೇಳಿದೆ. ಬರೀತಾ ಇದೀನಿ. ಮರೀತಾ ಇದೀನಿ. ಒಂದೇ ಬಾಯಿ.

ಒಂದು ವರ್ಷದಿಂದ, ದಿನಾ ಸ್ವಲ್ಪ ಸ್ವಲ್ಪ, ಡಾಕ್ಟರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ, ಇನ್ನೂ ಜಾಸ್ತಿ ಆಗುತ್ತದಂತೆ. ಈಗ ಓದು. ಆ ಚೀಟಿಗಳನ್ನು ಈಗ ಓದು. ಅವು ಕವಿತೆಯಲ್ಲ.

ನನಗೆ ಇದು ಹೊಳೆದು ಮೂರು ವಾರವಾಯಿತು. ಮೂರು ವಾರ ನಿನಗೆ ಹೇಳದೆ ಇಟ್ಟುಕೊಂಡೆ. ಯಾಕೆ ಎಂದರೆ, ಹೊಳೆದ ಕ್ಷಣ ನನಗೆ ಮೊದಲು ಬಂದ ಯೋಚನೆ "ಅಯ್ಯೋ ಪಾಪ" ಅಲ್ಲ. "ಹಾಗಾದರೆ ಕೋಣೆ ಖಾಲಿಯಾಗುತ್ತದೆ" ಎಂಬುದು. ನಾಚಿಕೆಯಾಗಿ ಪೆನ್ನು ಹಿಡಿಯಲಾಗಲಿಲ್ಲ. ಇಲ್ಲಿ ಘೋಷಣೆಗೆ ಯಂತ್ರ ತರುತ್ತಿದ್ದಾರೆ. ವರ್ಷದ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ನಿನ್ನ ಮೊದಲ ಪತ್ರ ಬರುವ ಮೊದಲೇ ನನಗೆ ಗೊತ್ತಿತ್ತು. ಮನೆಗೆ ಬರಬೇಕು ಎಂದುಕೊಂಡಿದ್ದೆ. ಎಷ್ಟು ದಿನ ಇರುತ್ತಾರೆ ಎಂದು ಅಷ್ಟು ಸಲ ಕೇಳಿದ್ದು ಅದಕ್ಕೇ.

ನನ್ನ ಸ್ವಾರ್ಥ ಪಕ್ಕಕ್ಕಿಟ್ಟು ಕೇಳುತ್ತೇನೆ, ಅವರನ್ನು ಮಾತಾಡಿಸು.

ಪುಟ್ಟಿ

ಜುಲೈ ೧೧

ಪುಟ್ಟಿ,

ನಿನ್ನ ಪತ್ರ ಓದಿ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದೆ. ಮೊದಲು ನಿನ್ನ ಮೇಲೆ ಸಿಟ್ಟು. ಆಮೇಲೆ ಅವಳ ಮೇಲೆ. ಕೊನೆಯ ಪಾತ್ರೆಯ ಹೊತ್ತಿಗೆ ನನ್ನ ಮೇಲೆ. ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಒಬ್ಬಳೂ ಬರೀತೀನಿ ಅಂತ ಹೇಳಿದ್ದೇ ಇಲ್ಲ. ಏನನ್ನಾದರೂ ಮರೆತೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆವು. ಆದರೂ ನಾನು ಬರೀತೀನಿ ಎಂದೇ ಓದಿದೆ. ನನಗೆ ಅದೇ ಬೇಕಾಗಿತ್ತು, ಅದಕ್ಕೇ ಅದೇ ಕಂಡಿತು.

ಅವಳನ್ನು ಕಿಟಕಿಯ ಹತ್ತಿರ ಬೆಳಕಿಗೆ ಕೂರಿಸಿಕೊಂಡೆ. ತುಟಿಯ ಸಹವಾಸವೇ ಬೇಡ ಎಂದು ಒಂದು ಕಾಗದದಲ್ಲಿ ಎರಡು ಮಾತು ಬರೆದು ಮುಂದಿಟ್ಟೆ. ಬರೀತಾ ಇದೀನಿ. ಮರೀತಾ ಇದೀನಿ. ಯಾವುದು ಎಂದು ಕೇಳಿದೆ. ಅವಳು ನಾನೇ ತಲೆಕೆಟ್ಟವಳೇನೋ ಎನ್ನುವ ಹಾಗೆ ನೋಡಿ, ಎರಡನೆಯದರ ಮೇಲೆ ಬೆರಳಿಟ್ಟಳು.

"ಬಂದ ದಿನಾನೇ ಹೇಳಿದ್ನಲ್ಲೇ."

"ನಾನು ಮೊದಲ್ನೇದು ಅಂದ್ಕೊಂಡೆ ಕಣೇ. ಕಥೆ ಬರೀತೀಯ ಅಂದ್ಕೊಂಡೆ."

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಒಳಗೆ ಹೋಗಿ ಆ ನೋಟ್‌ಬುಕ್ಕು ತಂದು ಮೊದಲನೆಯ ಹಾಳೆ ತೆರೆದಳು. ಬಂದ ದಿನದ ತಾರೀಕು ಹಾಕಿ, ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದಳು. "ಹೇಳಿದೆ. ಅವಳು ಅಂದಳು, ಮರೆತರೆ ಮರೆತೆ, ನನಗೇನು ಕಷ್ಟ, ನಾನಿದೀನಲ್ಲ."

ನಾನು ಬರೆದರೆ ಬರೆದೆ ಎಂದಿದ್ದೆ ಪುಟ್ಟಿ. ಅವಳು ಓದಿದ್ದು ಇದು. ಈ ಮಾತನ್ನು ನಂಬಿ ಪೆಟ್ಟಿಗೆ ಬಿಚ್ಚಿದ್ದಳು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಆ ಹಾಳೆ ಓದುತ್ತಾಳಂತೆ. ಆಮೇಲೆ ಕೋಣೆಯಿಂದ ಆಚೆ ಬರುತ್ತಾಳಂತೆ.

"ಹಾಗಾದ್ರೆ ನೀನು ಒಪ್ಪಿದ್ದು ಇದಕ್ಕಲ್ಲ" ಎಂದು ಎದ್ದು ಬಟ್ಟೆ ಮಡಿಚಲು ಶುರುಮಾಡಿದಳು. ಒಂದೊಂದೇ, ಅಂಚಿಗೆ ಅಂಚು ಸೇರಿಸಿ. ನಾನು ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ನೀನು ಏನು ಓದಿದ್ಯೋ ಅದೇ ನಾನು ಹೇಳಿದ್ದು. ಬಟ್ಟೆ ಒಳಗಿಡು."

ಸುಳ್ಳೇ ಇರಬಹುದು. ಮೊದಲೇ ಸರಿಯಾಗಿ ಓದಿದ್ದರೆ ನಾನು ಆ ಮಾತು ಹೇಳುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಹೆದರುತ್ತಿದ್ದೆನೇನೋ. ಈಗ ಅವಳ ಚಪ್ಪಲಿ ಬಾಗಿಲಲ್ಲಿ ನೋಡಿ ನೋಡಿ ಅಭ್ಯಾಸವಾದ ಮೇಲೆ ಇನ್ನೇನು ಹೇಳಲಿ.

ಅವಳು ಒಂದು ಷರತ್ತು ಹಾಕಿದಳು. ಊರಾಚೆ ಮರೆವಿನವರನ್ನು ನೋಡಿಕೊಳ್ಳುವ ಒಂದು ಕಡೆ ಇದೆ, ಅಲ್ಲಿ ಆಗಲೇ ಹೆಸರು ಕೊಟ್ಟಿದ್ದಾಳೆ. "ನಿನ್ನ ಗುರುತು ನನಗೆ ಸಿಗದ ದಿನ ನಿನ್ನ ಮನೆಯಿಂದ ನನ್ನನ್ನ ಅಲ್ಲಿಗೆ ಕಳಿಸ್ಬೇಕು. ನೀನು ಯಾರೋ ಆದ್ಮೇಲೆ ನಿನ್ನ ಕೈಲಿ ಸೇವೆ ಮಾಡಿಸ್ಕೊಳ್ಳಲ್ಲ. ಇಲ್ಲಾಂದ್ರೆ ಈಗಲೇ ಹೊರಟೆ." ಒಪ್ಪಿದೆ. ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಂಡಳು. ನನ್ನ ತುಟಿಯ ಮೇಲೆ ಈಗ ಅವಳಿಗೆ ನಂಬಿಕೆ ಇಲ್ಲ.

ಇನ್ನು ನೀನು. ಹುಟ್ಟಿದಾಗಿನಿಂದ ನಿನ್ನನ್ನು ಎತ್ತಿ ಆಡಿಸಿದವಳು ನಾನು, ಒಂದು ಕೋಣೆ ಬೇಕು ಎಂದು ನನ್ನನ್ನು ಕೇಳಲಿಕ್ಕೆ ನಿನಗೆ ಆರು ತಿಂಗಳು ಬೇಕಾಯಿತೇ? ಬಾ. ನನ್ನ ಕೋಣೆಯಲ್ಲಿ ಇಬ್ಬರೂ ಮಲಗೋಣ.

ನಿನ್ನ ಅಕ್ಕ

ಜುಲೈ ೩೦

ಅಕ್ಕ,

ಬರುವುದಿಲ್ಲ. ನೀನು ಬೈಯುವ ಮೊದಲು ಕೇಳು. ಗಂಟಕ್ಕನಿಗೆ ಆ ಮನೆಯ ಮೆಟ್ಟಿಲು, ಬಾಗಿಲು, ನಿನ್ನ ಮುಖ ಇಷ್ಟನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿರುವಾಗ ಹೊಸ ಮುಖ ಒಂದು ಒಳಗೆ ಓಡಾಡಿದರೆ ಹೇಗಿರುತ್ತದೆ? ಅವರ ಚೀಟಿಗಳಲ್ಲಿ ನನಗೆ ಜಾಗವಿಲ್ಲ. ಇಲ್ಲೇ ಎಲ್ಲಾದರೂ ಕೋಣೆ ನೋಡಿಕೊಳ್ಳುತ್ತೇನೆ.

ಯಂತ್ರಕ್ಕೆ ನನ್ನ ದನಿಯನ್ನೇ ತುಂಬಿಸುತ್ತಿದ್ದಾರೆ. ದಿನಾ ಮಧ್ಯಾಹ್ನ ಒಂದರಿಂದ ಅರವತ್ತರವರೆಗೆ ಎಣಿಸುತ್ತೇನೆ, ಊರುಗಳ ಹೆಸರು ಬಿಡಿಬಿಡಿಯಾಗಿ ಹೇಳುತ್ತೇನೆ. ನನ್ನ ದನಿ ಉಳಿದುಕೊಳ್ಳುತ್ತದೆ, ನಾನು ಹೊರಡಬೇಕು. ದಿನಕ್ಕೆ ಸಾವಿರಾರು ಜನ ಕೇಳುವ ದನಿ, ಕೇಳಬೇಕಾದ ನಿನ್ನೊಬ್ಬಳಿಗೆ ಕೇಳಿಸುವುದಿಲ್ಲ. ಅದು ನನಗೆ ಯಾವಾಗಲೂ ದುಃಖವೇ, ಇವತ್ತು ಬರೆಯಬೇಕು ಅನ್ನಿಸಿತು, ಬರೆದೆ.

ಒಂದು ಕೇಳಬೇಕು. ಆ ದಿನ ಬಂದರೆ ನಿಜವಾಗಿಯೂ ಕಳಿಸುತ್ತೀಯಾ?

ಪುಟ್ಟಿ

ಅಕ್ಟೋಬರ್ ೨೦

ಅಕ್ಕ,

ಮೂರು ಪತ್ರ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ನನ್ನ ಆ ಪ್ರಶ್ನೆಗೆ ಸಿಟ್ಟೇ? ಕೇಳಬಾರದಿತ್ತು. ಉತ್ತರ ಬೇಡ, ಬದುಕಿದ್ದೇನೆ ಎಂದು ಒಂದು ಸಾಲು ಹಾಕು. ನವೆಂಬರ್ ಮೂವತ್ತು ನನ್ನ ಕೊನೆಯ ದಿನ. ಕೋಣೆ ಇನ್ನೂ ಸಿಕ್ಕಿಲ್ಲ. ಅದರ ಬಗ್ಗೆ ನೀನು ಯೋಚಿಸಬೇಡ.

ಪುಟ್ಟಿ

ನವೆಂಬರ್ ೯

ಪುಟ್ಟಿ,

ಸಿಟ್ಟಲ್ಲ. ಸಹಿ ಹಾಕಿದ ಕಾಗದ ಮೇಜಿನ ಖಾನೆಯಲ್ಲಿತ್ತು, ದಿನಾ ಅದೇ ಮೇಜಿನ ಮುಂದೆ ಕೂತು ಊಟ ಮಾಡುತ್ತಿದ್ದೆ. ಮೂರು ಸಲ ಬರೆಯಲು ಕೂತೆ. ಏನೆಂದು ಬರೆಯಲಿ? ಇವತ್ತೂ ಗುರುತು ಹಿಡಿದಳು, ಇವತ್ತೂ ಹಿಡಿದಳು, ಇಷ್ಟೇ ತಾನೇ.

ಕಳೆದ ವಾರ ಮಂಗಳವಾರ ಬೆಳಿಗ್ಗೆ ಹಿಡಿಯಲಿಲ್ಲ.

ಚಹಾ ಕಾಯಿಸುತ್ತಿದ್ದೆ. ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ನೀವು ಯಾರು, ಗೊತ್ತಾಗ್ಲಿಲ್ಲ" ಎಂದಳು. ಬ ಮತ್ತು ಮ ಒಂದೇ ಇರಬಹುದು ಪುಟ್ಟಿ, ಆದರೆ ನೀನು ಮತ್ತು ನೀವು ಒಂದೇ ಅಲ್ಲ. ನೀವು ಎಂದರೆ ಕೆಳತುಟಿ ಹಲ್ಲಿಗೆ ತಾಗುತ್ತದೆ. ಇಷ್ಟು ವರ್ಷದಲ್ಲಿ ನನ್ನನ್ನು ಕರೆಯುವಾಗ ಅವಳ ತುಟಿ ಒಂದು ಸಲವೂ ಹಾಗೆ ತಾಗಿರಲಿಲ್ಲ. ತಪ್ಪು ಓದಿದೆನೇನೋ ಎಂದು ಇನ್ನೊಂದು ಸಲ ಹೇಳಿಸಿದೆ. ತಪ್ಪಿರಲಿಲ್ಲ. ಒಲೆ ಆರಿಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತು ಅತ್ತೆ. ನನಗೆ ಕೇಳಿಸದಿದ್ದರೂ ಅವಳಿಗೆ ಕೇಳಿಸೀತೇನೋ ಎಂದು ಬಾಯಿಗೆ ಬಟ್ಟೆ ಇಟ್ಟುಕೊಂಡೆ, ಅವಳೂ ಕಿವುಡಿ ಎನ್ನುವುದೇ ನೆನಪಾಗಲಿಲ್ಲ.

ಖಾನೆಯಲ್ಲಿ ಕಾಗದ ಇತ್ತು. ಮಾತು ಕೊಟ್ಟಿದ್ದೆ. ಮುಖ ಒರೆಸಿಕೊಂಡು ತಿರುಗಿದೆ. ಅವಳು ಇನ್ನೂ ಅಲ್ಲೇ ನಿಂತಿದ್ದಳು, ಉತ್ತರಕ್ಕೆ ಕಾಯುತ್ತ, ಮರ್ಯಾದೆಯಿಂದ. ನನ್ನ ಬಾಯಿಗೆ ಅದು ಹೇಗೆ ಬಂತೋ ನನಗೆ ಗೊತ್ತಿಲ್ಲ.

"ಇಲ್ಲಿ ಕೋಣೆ ಬಾಡಿಗೆಗಿದೆ ಅಂದ್ರು. ಕೇಳೋಣ ಅಂತ ಬಂದೆ."

ಅವಳ ಮುಖ ಅರಳಿತು. "ಹಾಗೆ ಹೇಳಿ ಮತ್ತೆ. ನಿಂತೇ ಇದ್ದೀರಲ್ಲ, ಬನ್ನಿ ತೋರಿಸ್ತೀನಿ" ಎಂದಳು. ಪುಟ್ಟಿ, ನನಗೆ ನಮ್ಮ ಮನೆ ತೋರಿಸಿದಳು. ಬಚ್ಚಲು ಇದು, ನಲ್ಲಿ ಸ್ವಲ್ಪ ಬಿಗಿ. ಇದು ಅಡುಗೆಮನೆ, ಪಾತ್ರೆ ಎಲ್ಲ ಹೊಳೀತಾ ಇದೆ ನೋಡಿ, ನಾನು ಕೊಳೆ ಬಿಡೋಳಲ್ಲ. ನನ್ನ ಕೋಣೆಯ ಬಾಗಿಲು ತೆಗೆದು, "ಇದು ನಿಮಗೆ ಸರಿಹೋಗುತ್ತೆ. ಬೆಳಗಿನ ಬಿಸಿಲು ಬರುತ್ತೆ" ಎಂದಳು. ಹಾಸಿಗೆ ಹೊಸದು ಹಾಕಿಸಿಕೊಡುತ್ತಾಳಂತೆ.

ಬಾಡಿಗೆ ಎಷ್ಟು ಎಂದು ಕೇಳಿದೆ. "ಯಾಕೋ ನಿಮ್ಮ ಮಾತು ನನಗೆ ಸಲೀಸಾಗಿ ತಿಳಿಯುತ್ತೆ. ಬೇರೆಯವರದು ಹಾಗೆ ತಿಳಿಯಲ್ಲ. ಬಾಡಿಗೆ ಏನೂ ಬೇಡ, ಜೊತೆಗಿರಿ ಸಾಕು" ಎಂದಳು.

ನಿನ್ನ ಗುರುತು ಸಿಗದ ದಿನ ನಿನ್ನ ಮನೆಯಿಂದ ನನ್ನನ್ನು ಕಳಿಸು ಎಂದು ಕಾಗದದಲ್ಲಿದೆ. ನನ್ನ ಮನೆ ಎಲ್ಲಿದೆ ಈಗ? ನಿನ್ನೆ ಮೊನ್ನೆ ಬಂದ ಬಾಡಿಗೆಯವಳು ಮನೆಯೊಡತಿಯನ್ನು ಹೊರಗೆ ಕಳಿಸುವುದು ಯಾವ ನ್ಯಾಯ? ಇದು ನೆಪ ಎಂದು ನನಗೆ ಗೊತ್ತು. ಕೊಟ್ಟ ಮಾತಿಗೆ ತಪ್ಪಿದವಳು ಎಂದು ಬೇಕಾದರೆ ಅನ್ನು. ಅವಳು ನನ್ನನ್ನು ಒಪ್ಪಿ ಒಳಗೆ ಕರೆದುಕೊಂಡ ಮೇಲೆ ನಾನು ಅವಳನ್ನು ಬಿಡುವುದಿಲ್ಲ. ಕೆಲವು ದಿನ ಬೆಳಿಗ್ಗೆ ಹೊಸದಾಗಿ ಕೋಣೆ ಕೇಳಬೇಕಾಗುತ್ತದೆ. ಇವತ್ತಿಗೆ ನಾಲ್ಕು ಸಲ ಕೇಳಿದ್ದೇನೆ, ನಾಲ್ಕು ಸಲವೂ ಕೊಟ್ಟಿದ್ದಾಳೆ.

ನಿನ್ನೆ ನಿನ್ನ ವಿಷಯ ತೆಗೆದೆ. "ನನಗೊಬ್ಬ ತಂಗಿ ಇದ್ದಾಳೆ, ಕೆಲಸ ಹೋಗ್ತಾ ಇದೆ, ಅವಳಿಗೂ ಒಂದು ಜಾಗ ಬೇಕಿತ್ತು" ಎಂದೆ. "ತಂಗಿ ಅಂದ್ಮೇಲೆ ಕೇಳೋದೇನಿದೆ, ಕರೆಸ್ಕೊಳ್ಳಿ. ಮನೆ ದೊಡ್ಡದಿದೆ" ಎಂದಳು. ಹೊಸ ಮುಖ ಎಂದು ಹೆದರಿದ್ದೆಯಲ್ಲ, ಅವಳಿಗೆ ಈಗ ನಾವಿಬ್ಬರೂ ಹೊಸಬರೇ.

ನವೆಂಬರ್ ಮೂವತ್ತರ ರಾತ್ರಿಯ ಗಾಡಿಗೆ ಹೊರಡು. ಬಂದವಳು ಬಾಗಿಲು ತಟ್ಟುತ್ತ ನಿಲ್ಲಬೇಡ, ಒಳಗಿರುವ ಇಬ್ಬರಿಗೂ ಕೇಳಿಸುವುದಿಲ್ಲ. ಕಿಟಕಿಯ ಮುಂದೆ ನಿಂತು ಕೈ ಬೀಸು. ನಾನು ನಿನ್ನನ್ನು ನೋಡಿದರೂ ಎದ್ದು ಬರುವುದಿಲ್ಲ, ತಪ್ಪು ತಿಳಿಯಬೇಡ. ಬಾಗಿಲನ್ನು ಅವಳೇ ತೆಗೆಯಲಿ, ಮನೆ ಅವಳದು.

ನಿನ್ನ ಅಕ್ಕ